ಸಂಸದೀಯ ಪದ್ಧತಿ: ಬ್ರಿಟನ್ನಿನದೆಷ್ಟು, ಇತರರದೆಷ್ಟು?

ಪ್ರಶ್ನೆ: ನಮ್ಮ ಸಂಸದೀಯ ಪದ್ಧತಿ ಬ್ರಿಟನ್ನಿನ ನಕಲು ಎಂದು ನಾವು ಶಾಲೆಯಲ್ಲಿ ಓದಿದ್ದೆವು. ಮಗಳ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕದಲ್ಲಿ ಐರ್ಲೆಂಡ್, ಆಸ್ಟ್ರೇಲಿಯಾಗಳ ಹೆಸರೂ ಇದೆ. ಯಾವುದು ಸರಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಎರಡೂ ಸರಿ, ಆದರೆ ಎರಡರ ತೂಕ ಒಂದೇ ಅಲ್ಲ. ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರಬೇಕೆಂಬ 75(3)ನೇ ವಿಧಿಯ ತತ್ತ್ವ ಬ್ರಿಟನ್ನಿನದು, ಮತ್ತು ಇಡೀ ಪದ್ಧತಿ ನಿಂತಿರುವುದು ಅದರ ಮೇಲೆಯೇ. ಸ್ಥಿರತೆಗಿಂತ ಹೊಣೆಗಾರಿಕೆಗೆ ಹೆಚ್ಚು ಬೆಲೆ ಕೊಟ್ಟು ಈ ಆಯ್ಕೆ ಮಾಡಲಾಗಿದೆಯೆಂದು ಡಾ. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ವಿವರಿಸಿದ್ದರು.

ತೊಡಕಿದ್ದದ್ದು ರಾಜನ ಸ್ಥಾನದ ವಿಷಯದಲ್ಲಿ. ಗಣರಾಜ್ಯವಾಗಲಿದ್ದ ದೇಶಕ್ಕೆ, ಚುನಾಯಿತನಾಗಿಯೂ ತಾನೇ ಆಳ್ವಿಕೆ ನಡೆಸದ ಮುಖ್ಯಸ್ಥನೊಬ್ಬ ಬೇಕಿತ್ತು. ಅಂಥ ಮಾದರಿ 1937ರ ಐರಿಷ್ ಸಂವಿಧಾನದಲ್ಲಿತ್ತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅವರು 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್‌ಗಳಿಗೆ ಹೋಗಿ ಅಲ್ಲಿನ ತಜ್ಞರೊಡನೆ ಚರ್ಚಿಸಿ ಬಂದರು. ಐರ್ಲೆಂಡಿನಲ್ಲಿ ಅಧ್ಯಕ್ಷರನ್ನು ಜನರೇ ಆರಿಸುತ್ತಾರೆ. ನಮ್ಮವರು ಅಲ್ಲಿನ ಏಕ ವರ್ಗಾವಣೀಯ ಮತದ ಕ್ರಮವನ್ನು (ಮತದಾರರು ಅಭ್ಯರ್ಥಿಗಳನ್ನು ತಮ್ಮ ಆದ್ಯತೆಯಂತೆ 1, 2, 3 ಎಂದು ಗುರುತಿಸುವ ಪದ್ಧತಿ) ಉಳಿಸಿಕೊಂಡು, ಮತ ಹಾಕುವ ಹಕ್ಕನ್ನು ಚುನಾಯಿತ ಸಂಸದರಿಗೂ ಶಾಸಕರಿಗೂ ಕೊಟ್ಟರು. ಇಡೀ ದೇಶದ ನೇರ ಮತ ಪಡೆದ ರಾಷ್ಟ್ರಪತಿ ನಾಳೆ ಪ್ರಧಾನಿಗೇ ಪ್ರತಿಸ್ಪರ್ಧಿಯಾದಾರೆಂಬ ಮುನ್ನೆಚ್ಚರಿಕೆ ಇದರ ಹಿಂದಿತ್ತು.

ಬ್ರಿಟನ್ನಿನ ರಾಜ ಮಂತ್ರಿಗಳ ಸಲಹೆಯಂತೆ ನಡೆಯುವುದು ಬರಿಯ ರೂಢಿಯ ಬಲದಿಂದ. ರೂಢಿಯನ್ನು ಎರವಲು ತರುವುದು ಸುಲಭವಲ್ಲ. ಸಲಹೆ ನೀಡಲು ಮಂತ್ರಿಮಂಡಲವಿರಬೇಕು ಎಂದಷ್ಟೇ ಹೇಳಿದ್ದ 74ನೇ ವಿಧಿಗೆ, ರಾಷ್ಟ್ರಪತಿ ಆ ಸಲಹೆಯಂತೆ ನಡೆಯಲೇಬೇಕೆಂಬ ಮಾತು ಸೇರಿದ್ದು 1976ರ 42ನೇ ತಿದ್ದುಪಡಿಯಿಂದ. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳಿಸುವ ಅವಕಾಶ 1978ರ 44ನೇ ತಿದ್ದುಪಡಿಯದು.

ಉಪರಾಷ್ಟ್ರಪತಿಯೇ ರಾಜ್ಯಸಭೆಯ ಸಭಾಪತಿಯಾಗುವುದು ಅಮೆರಿಕದ ಮಾದರಿ. ಉಭಯ ಸದನಗಳ ಭಿನ್ನಮತ ಬಗೆಹರಿಸುವ ಜಂಟಿ ಅಧಿವೇಶನ ಆಸ್ಟ್ರೇಲಿಯಾದ್ದು. ಅಲ್ಲಿ ಮೊದಲು ಎರಡೂ ಸದನಗಳನ್ನು ವಿಸರ್ಜಿಸಿ, ಚುನಾವಣೆ ನಡೆದ ಮೇಲೂ ಒಮ್ಮತ ಮೂಡದಿದ್ದರೆ ಮಾತ್ರ ಜಂಟಿಯಾಗಿ ಸೇರಬೇಕು. ನಮ್ಮ ರಾಜ್ಯಸಭೆ ವಿಸರ್ಜನೆಯಾಗದ ಸದನವಾದ್ದರಿಂದ ಆ ಹಂತವನ್ನೇ ಕೈಬಿಡಲಾಯಿತು. ಇಲ್ಲಿ ಇದನ್ನು ಬಳಸಿದ್ದು 1961, 1978 ಮತ್ತು 2002ರಲ್ಲಿ ಮಾತ್ರ. ಕರ್ನಾಟಕದಲ್ಲಿ ಈ ಏರ್ಪಾಡಿಲ್ಲ (ರಾಜ್ಯಪಾಲರ ಭಾಷಣಕ್ಕೆ ಸೇರುವ ಜಂಟಿ ಅಧಿವೇಶನವೇ ಬೇರೆ): ಪರಿಷತ್ತು ಒಪ್ಪದ ಮಸೂದೆಯನ್ನು ವಿಧಾನಸಭೆ ಎರಡನೆಯ ಬಾರಿ ಅಂಗೀಕರಿಸಿ ಕಳಿಸಿದರೆ, ಪರಿಷತ್ತು ಅದನ್ನು ಹೆಚ್ಚೆಂದರೆ ಇನ್ನೊಂದು ತಿಂಗಳು ತಡೆಯಬಹುದು.