ಕಾಣಿಕೆ ಹೆಚ್ಚಿಸಿದರೂ ಬಾರದ ನಿದ್ದೆ

(ಇವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವ, ನಲವತ್ತು ದಾಟಿದ ಗೃಹಸ್ಥರು. ಕನ್ನಡ ಕ್ರೈಸ್ತ ಸಭೆಯ (ಚರ್ಚಿನ) ಸದಸ್ಯರು. ಆಪ್ತಸಲಹೆಗೆಂದು ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ಮಾತಾಡುತ್ತಾ ಹೋದಂತೆ, ಹಲವು ತಿಂಗಳಿಂದ ಕರ್ತನ ಭೋಜನವನ್ನೇ (ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಂಡಿಲ್ಲ ಎಂಬುದು ತಿಳಿಯಿತು. ಅದನ್ನು ಕೊಡುವ ಭಾನುವಾರಗಳಲ್ಲಿ ಪ್ರಸಂಗ (ಬೋಧನೆ) ಮುಗಿಯುತ್ತಲೇ ಮೊಬೈಲ್ ಕಿವಿಗಿಟ್ಟುಕೊಂಡು ಎದ್ದು ಹೊರಗೆ ಹೋಗುತ್ತಾರೆ. ಕರೆಯೇನೂ ಬಂದಿರುವುದಿಲ್ಲ.

ಕಾರಣ ಆಫೀಸಿನಲ್ಲಿತ್ತು. ಸರಕೇ ಬಾರದ ಬಿಲ್ಲುಗಳು ಇವರ ಟೇಬಲ್ಲಿಗೆ ಬರುತ್ತವೆ. "ಹಾಕ್ಬಿಡಿ ಸಾರ್, ಎಲ್ಲಾ ಕಡೆ ನಡೆಯೋದೇ" ಎನ್ನುತ್ತಾರೆ ಮ್ಯಾನೇಜರ್. ಇವರು ಎಂಟ್ರಿ ಮಾಡುತ್ತಾರೆ. ಫ್ಲ್ಯಾಟಿನ ಸಾಲ, ಮಗಳ ಕಾಲೇಜು ಫೀಸು ಎಲ್ಲವೂ ಅದೇ ಸಂಬಳದಲ್ಲಿ ನಡೆಯಬೇಕು. ಭಾರ ಇಳಿಯಲೆಂದು ದಶಮಾಂಶದ (ಸಭೆಗೆ ಕೊಡುವ ಆದಾಯದ ಹತ್ತನೇ ಒಂದು ಪಾಲು) ಮೇಲೆ ಇನ್ನಷ್ಟು ಕಾಣಿಕೆ ಹಾಕತೊಡಗಿದರು, ಶುಕ್ರವಾರ ಉಪವಾಸ ಹಿಡಿದರು, ಇಡೀ ರಾತ್ರಿ ಪ್ರಾರ್ಥನೆಗೂ ಹೋದರು. "ಆದರೂ ದೇವರು ಉತ್ತರ ಕೊಡ್ತಿಲ್ಲ ಮೇಡಂ" ಎಂದು ಅತ್ತುಬಿಟ್ಟರು.

ಅಂಥ ಬಿಲ್ ಹಾಕಿದ ರಾತ್ರಿಯೇ ನಿದ್ದೆ ಕೆಡುತ್ತದೆ ಎಂದು ಸ್ವಲ್ಪ ಮುಂಚೆ ಅವರೇ ಹೇಳಿದ್ದರು. ಉತ್ತರ ಬಂದಾಗಿದೆ, ದೇವರು ಕೈಬಿಟ್ಟಿದ್ದರೆ ನೀವು ಹಾಯಾಗಿ ಮಲಗುತ್ತಿದ್ದಿರಿ ಎಂದೆ.

ಭಾನುವಾರ ಶಾಲೆಯಲ್ಲಿ ನಾವೆಲ್ಲ ಬೈಬಲಿನ ದಾನಿಯೇಲನ ಪುಸ್ತಕದಿಂದ ಸಿಂಹದ ಗವಿಯ ದಾನಿಯೇಲನನ್ನು ಕಲಿತವರು. ಇವರಿಗೆ ಬೇಕಾಗಿದ್ದದ್ದು ಮೊದಲನೇ ಅಧ್ಯಾಯದ ದಾನಿಯೇಲ. ತನ್ನನ್ನು ಅಶುದ್ಧ ಮಾಡುವ ರಾಜನ ಊಟ ಬೇಡವೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡವನು ಜಗಳಕ್ಕಿಳಿಯಲಿಲ್ಲ, ಅರಮನೆ ಬಿಟ್ಟು ಓಡಲೂ ಇಲ್ಲ. ಮೇಲಧಿಕಾರಿ ರಾಜನಿಗೆ ಹೆದರಿದಾಗ ಕೆಳಗಿನ ವಿಚಾರಕನ ಬಳಿ ಹೋಗಿ, 10 ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ ಎಂದು ವಿನಯವಾಗಿ ಕೇಳಿದ. ನಂಬಿಗಸ್ತಿಕೆಗೆ ಇಷ್ಟು ಜಾಣ್ಮೆಯೂ ಸೇರಿದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹಾಗಾಗಿ ನಾನು ಕೊಟ್ಟ ಸಲಹೆ ಇದು: ಮುಂದಿನ ಅಂಥ ಬಿಲ್ ಬಂದಾಗ ಸರಕು ಸಾಗಿಸಿದ್ದಕ್ಕೆ ದಾಖಲೆಗಳಾದ ಡೆಲಿವರಿ ಚಲನ್, ಇ-ವೇ ಬಿಲ್ ಕೇಳಿ ಆಫೀಸಿನ ಇಮೇಲಿನಲ್ಲೇ ವಾಪಸು ಕಳಿಸಿ. ಸರಕಿಲ್ಲದ ಬಿಲ್ಲಿನ ಮೇಲೆ ತೆರಿಗೆ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ಕಡಿತ) ಪಡೆಯುವುದು ಜಿಎಸ್‌ಟಿ ಕಾಯ್ದೆಯ 132ನೇ ಸೆಕ್ಷನ್ನಿನಡಿ ಅಪರಾಧ. ಈವರೆಗೆ ಹಾಕಿದ ಎಂಟ್ರಿಗಳ ಬಗ್ಗೆ ವಕೀಲರನ್ನು ಕಾಣಿ, ಅದನ್ನು ಉಪವಾಸದಿಂದ ಸರಿಮಾಡಲಾಗದು. ಹೆಂಡತಿಗೆ ಇವತ್ತೇ ಹೇಳಿ. ಹೆಚ್ಚುವರಿ ಕಾಣಿಕೆ ನಿಲ್ಲಿಸಿ. ಇದಕ್ಕೆ ಅವರು ಬೆಚ್ಚಿದರು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಸರಿಮಾಡಿಕೋ ಎಂದ ಯೇಸುವಿನ ಮಾತನ್ನು, ಮತ್ತಾಯ 5ನೇ ಅಧ್ಯಾಯ ತೆರೆದು ಅವರಿಂದಲೇ ಓದಿಸಿದೆ.

ಕರ್ತನ ಭೋಜನದ ವಿಷಯ ಇನ್ನೂ ಕಷ್ಟವಾಯಿತು. ಅದನ್ನು ಅಯೋಗ್ಯವಾಗಿ ತಿಂದವನು ಅಪರಾಧಿ ಎಂಬ, ಅಪೊಸ್ತಲ ಪೌಲನ ಪತ್ರದ ವಚನ (1 ಕೊರಿಂಥ 11:27) ಅವರಿಗೆ ಬಾಯಿಪಾಠ. ಮುಂದಿನ ವಚನದಲ್ಲೇ ಪೌಲನು, ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎನ್ನುತ್ತಾನೆ. ಎದ್ದು ಹೊರಗೆ ಹೋಗಲಿ ಎನ್ನುವುದಿಲ್ಲ. ಸಭಾಪಾಲಕರ (ಪಾಸ್ಟರ್) ಹತ್ತಿರ ಒಬ್ಬರೇ ಕೂತು ಎಲ್ಲ ಹೇಳಿಕೊಳ್ಳಿ ಎಂದೆ.

ನಿದ್ದೆಗಾಗಿ ವೈದ್ಯರಲ್ಲಿಗೂ ಕಳಿಸಿದೆ.

ಇಮೇಲ್ ಹೋದ ಮೇಲೆ ಮ್ಯಾನೇಜರ್ ಮಾತು ಬಿಟ್ಟಿದ್ದಾರೆ, ಆ ಫೈಲುಗಳು ಬೇರೆಯವರ ಟೇಬಲ್ಲಿಗೆ ಹೋಗಿವೆ. ಬಡ್ತಿಯ ಆಸೆ ಇನ್ನಿಲ್ಲ. ಇವರು ಬೇರೆ ಕೆಲಸ ಹುಡುಕುತ್ತಿದ್ದಾರೆ, ವಕೀಲರನ್ನು ಕಂಡಿದ್ದಾರೆ, ಸಭಾಪಾಲಕರನ್ನು ಇನ್ನೂ ಕಂಡಿಲ್ಲ. ಮುಂದಿನ ಭೇಟಿಗೆ ಹೆಂಡತಿಯೂ ಬರುತ್ತಾರೆ. ಸಂಬಳ ನಿಂತರೆ ಸಾಲದ ಕಂತು ಎಷ್ಟು ತಿಂಗಳು ಕಟ್ಟಬಹುದು ಎಂದು ಮೂವರೂ ಕೂತು ಲೆಕ್ಕ ಹಾಕುವುದಿದೆ.