ಎನ್‌ಎಸ್‌ಎಸ್‌: ಶಿಬಿರ ಒಂದೇ ಸಾಕೇ?

ಪ್ರಶ್ನೆ: ಪದವಿ ಎರಡನೇ ವರ್ಷದಲ್ಲಿದ್ದೇನೆ. ಎನ್‌ಎಸ್‌ಎಸ್‌ (ರಾಷ್ಟ್ರೀಯ ಸೇವಾ ಯೋಜನೆ) ವಿಶೇಷ ಶಿಬಿರ ಮುಗಿದಿದೆ. ಪ್ರಮಾಣಪತ್ರಕ್ಕೆ ಅಷ್ಟು ಸಾಕೇ?

ಉತ್ತರ: ಸಾಲದು. ಏಳು ದಿನದ ಶಿಬಿರವಲ್ಲದೆ ಎರಡು ವರ್ಷದಲ್ಲಿ 240 ಗಂಟೆ, ಅಂದರೆ ವರ್ಷಕ್ಕೆ 120 ಗಂಟೆ, ನಿಯಮಿತ ಸೇವೆ ಆಗಬೇಕು. ಹುಡುಗರು ಎಡವುವುದು ದುಡಿಮೆಯಲ್ಲಲ್ಲ, ಮಾಡಿದ ಸೇವೆಯನ್ನು ಬರೆದಿಡುವ ಡೈರಿಯಲ್ಲಿ. ಬಿಸಿಲಲ್ಲಿ ಬೆವರು ಸುರಿಸಿದವರ ಗಂಟೆಗಳು ಹೀಗೆ ಕಳೆದುಹೋಗುವುದು ನಿಜಕ್ಕೂ ಸಂಕಟದ ವಿಷಯ. ‘ಶ್ರಮದಾನ ಮಾಡಿದೆ’ ಎಂದಷ್ಟೇ ಬರೆಯಬೇಡಿ. ‘ಕೆರೆ ಏರಿಯ ಮೇಲಿನ ಜಾಲಿ ಕಡಿದದ್ದು, ಬೆಳಿಗ್ಗೆ 7ರಿಂದ 10’ ಎಂದು ದಿನಾಂಕ ಸಮೇತ ಬರೆದು, ಅದೇ ವಾರ ಕಾರ್ಯಕ್ರಮಾಧಿಕಾರಿಯ ಸಹಿ ಹಾಕಿಸಿ. ವರ್ಷದ ಕೊನೆಗೆ ಒಟ್ಟಿಗೆ ಕೇಳಿದರೆ ಹಾಜರಿ ಪುಸ್ತಕಕ್ಕೂ ಡೈರಿಗೂ ತಾಳೆಯಾಗುವುದಿಲ್ಲ. ಗಂಟೆ ಕಡಿಮೆಯಿದ್ದರೆ ಈಗಲೇ ಅವರನ್ನು ಕಾಣಿ. ಭಾನುವಾರ ನಾಲ್ಕು ಗಂಟೆಯಂತೆ ಹತ್ತು ವಾರಕ್ಕೆ 40 ಗಂಟೆ ಕೂಡುತ್ತದೆ.