ಸಂಪಾದಕರ ಉತ್ತರ: ಹೆಪ್ಪುಗಟ್ಟಿದ ಎಣ್ಣೆ, ಮಗಳ ಪ್ರಶ್ನೆ

ಪತ್ರದ ಸಾರ: ಬನಶಂಕರಿಯಲ್ಲಿ ಏಳನೇ ಮಹಡಿಯ ಫ್ಲ್ಯಾಟು. ಹನ್ನೊಂದರ ಮಗಳು, ಆರರ ಮಗ, ಹಾಸನದ ಕಡೆಯ ಹಳ್ಳಿಯಿಂದ ಬಂದು ಜೊತೆಗಿರುವ ಅತ್ತೆ. ಮನೆಯಿಂದಲೇ ಆಫೀಸಿನ ಕೆಲಸ, ಮುಗಿಯುವುದು ಏಳಕ್ಕೆ. “ತವರು ಕರಾವಳಿ, ಹಾಗಾಗಿ ದೀಪಕ್ಕೆ ಕೊಬ್ಬರಿ ಎಣ್ಣೆಯೇ ರೂಢಿ. ಡಿಸೆಂಬರ್ ಬಂತೆಂದರೆ ಹಚ್ಚಿದ ದೀಪ ಕಾಲು ಗಂಟೆಯೂ ನಿಲ್ಲುವುದಿಲ್ಲ. ಅತ್ತೆ ಅಪಶಕುನ ಅನ್ನುತ್ತಾರೆ. ‘ದೇವರಿಗೆ ನಮ್ಮ ಮೇಲೆ ಕೋಪಾನಾ ಅಮ್ಮ?’ ಅಂತ ಮಗಳು ಕೇಳಿದಳು. ಬೇಸಿಗೆಯಲ್ಲಿ ದೀಪ ನಿಂತರೂ ಗೋಡೆಯೆಲ್ಲ ಮಸಿ. ಕೆಲವು ದಿನ ಹಚ್ಚುವುದೇ ಇಲ್ಲ. ನನ್ನದು ಭಕ್ತಿಯೋ ಬರೀ ಅಭ್ಯಾಸವೋ ಗೊತ್ತಾಗುತ್ತಿಲ್ಲ.”

ನಮಸ್ಕಾರ.

ಮೊದಲು ಮಗಳಿಗೆ ಉತ್ತರ ಹೇಳಿಬಿಡೋಣ. ಕೋಪವೇನೂ ಇಲ್ಲ, ಎಣ್ಣೆಗೆ ಚಳಿಯಾಗಿದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕರಾವಳಿಯ ಸಂಜೆಗಳಲ್ಲಿ ಈ ತೊಂದರೆ ಅಪರೂಪ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರು, ಡಿಸೆಂಬರ್–ಜನವರಿಯಲ್ಲಿ ಹೊತ್ತು ಮುಳುಗಿದ ಮೇಲೆ ಇಲ್ಲಿ ಅಷ್ಟು ತಂಪಾಗುವುದು ಮಾಮೂಲು. ದೀಪದ ಬಿಸಿಗೆ ಬತ್ತಿಯ ಸುತ್ತಲ ಎಣ್ಣೆ ಮಾತ್ರ ಕರಗುತ್ತದೆ. ಆ ಒಂದಿಷ್ಟು ಉರಿದು ಮುಗಿದರೆ, ಪಕ್ಕದಲ್ಲೇ ಬಿಳಿ ಗಡ್ಡೆ ಇದ್ದರೂ ಬತ್ತಿ ಉಪವಾಸ. ಅದು ಕಾಲು ಗಂಟೆಗೇ ಶಾಂತವಾಗುವುದು ಇದಕ್ಕೇ.

ಮಗಳು ಇದನ್ನು ನಿಮ್ಮ ಮಾತಿನ ಮೇಲೆ ನಂಬಬೇಕಿಲ್ಲ. ಎರಡು ಬಟ್ಟಲು ತೆಗೆದುಕೊಂಡು ಒಂದರಲ್ಲಿ ಎರಡು ಚಮಚ ಕೊಬ್ಬರಿ ಎಣ್ಣೆ, ಇನ್ನೊಂದರಲ್ಲಿ ಎರಡು ಚಮಚ ಎಳ್ಳೆಣ್ಣೆ ಹಾಕಿ ರಾತ್ರಿ ಬಾಲ್ಕನಿಯಲ್ಲಿ ಇಡಲಿ. ಬೆಳಿಗ್ಗೆ ಎರಡನ್ನೂ ಓರೆ ಮಾಡಿ ಅವಳೇ ನೋಡಲಿ. ಎಳ್ಳೆಣ್ಣೆ ಹರಿಯುತ್ತಿರುತ್ತದೆ.

ಹಾಗಾಗಿ ಕಾರ್ತಿಕದಿಂದ ಸಂಕ್ರಾಂತಿ ದಾಟುವವರೆಗೆ ಎಳ್ಳೆಣ್ಣೆ ಬಳಸಿ. ತವರಿನ ರೂಢಿ ಬಿಡಲು ಮನಸ್ಸಿಲ್ಲವಾದರೆ ಮೂರು ಪಾಲು ಎಳ್ಳೆಣ್ಣೆಗೆ ಒಂದು ಪಾಲು ಕೊಬ್ಬರಿ ಎಣ್ಣೆ ಬೆರೆಸಬಹುದು. ಹರಳೆಣ್ಣೆ ನಿಧಾನವಾಗಿ, ಸ್ಥಿರವಾಗಿ ಉರಿಯುತ್ತದೆ, ಆದರೆ ತೀರ ಮಂದ. ಒಂದನ್ನೇ ಹಾಕಿದರೆ ತೆಳು ಬತ್ತಿ ಅದನ್ನು ಎಳೆಯಲಾರದು. ಎಳ್ಳೆಣ್ಣೆಗೆ ಕಾಲು ಭಾಗ ಬೆರೆಸಿದರೆ ಸಾಕು. ಹೊಂಗೆ ಎಣ್ಣೆಯ ವಾಸನೆ ಮುಚ್ಚಿದ ಫ್ಲ್ಯಾಟಿಗೆ ಆಗಿಬರುವುದಿಲ್ಲ, ಅದು ಹಜಾರವಿದ್ದ ಮನೆಗಳ ಎಣ್ಣೆ. ‘ದೀಪದ ಎಣ್ಣೆ’ ಎಂದು ಮಾರುವ ಬಾಟಲಿಗಳಲ್ಲಿ ಹೆಚ್ಚಿನವು ಹಲವು ಎಣ್ಣೆಗಳ ಮಿಶ್ರಣ. ತಂದರೆ ಅಡುಗೆ ಎಣ್ಣೆಯ ಪಕ್ಕ ಇಡಬೇಡಿ, ಅವಸರದಲ್ಲಿ ಕೈ ತಪ್ಪುತ್ತದೆ.

ಇನ್ನು ಮಸಿ. ಇಲ್ಲಿ ಎಣ್ಣೆಯನ್ನು ದೂರಬೇಡಿ, ತಪ್ಪು ಬತ್ತಿಯದು. ಬತ್ತಿ ದಪ್ಪವಾಗಿದ್ದರೆ ಅಥವಾ ಅಂಚಿನಿಂದ ಉದ್ದಕ್ಕೆ ಚಾಚಿದ್ದರೆ ಗಾಳಿ ಸುಡಬಲ್ಲದ್ದಕ್ಕಿಂತ ಹೆಚ್ಚು ಎಣ್ಣೆ ಮೇಲೇರುತ್ತದೆ. ಅರೆಬರೆ ಸುಟ್ಟದ್ದೇ ಕರಿಯಾಗಿ ಗೋಡೆ ಹತ್ತುತ್ತದೆ. ಬತ್ತಿಯ ತುದಿ ದೀಪದ ಬಾಯಿಂದ ನಾಲ್ಕೈದು ಮಿಲಿಮೀಟರ್ ಮಾತ್ರ ಹೊರಗಿರಲಿ, ಎಂದರೆ ಒಂದು ಅಕ್ಕಿ ಕಾಳಿನಷ್ಟು. ಜ್ವಾಲೆ ಹೆಬ್ಬೆರಳಿನ ಮೊದಲ ಗೆಣ್ಣು ಮೀರಿ ಎದ್ದು ತುದಿ ನಡುಗುತ್ತಿದ್ದರೆ ಮಸಿ ಬರುತ್ತಿದೆ ಎಂದೇ ಅರ್ಥ. ಸಂಶಯವಿದ್ದರೆ ಸ್ಟೀಲ್ ಚಮಚವೊಂದನ್ನು ಜ್ವಾಲೆಗೆ ಒಂದು ಗೇಣು ಮೇಲೆ ಕ್ಷಣಕಾಲ ಹಿಡಿದು ನೋಡಿ, ಕಪ್ಪಾದರೆ ಬತ್ತಿಯನ್ನು ಒಳಕ್ಕೆ ಎಳೆಯಿರಿ.

ಅಂಗಡಿಯ ಬತ್ತಿ ತಂದಾಗ ಒಂದನ್ನು ಒಣಗಿದ್ದಂತೆಯೇ ಸುಟ್ಟು ಪರೀಕ್ಷಿಸಿ. ಹತ್ತಿ ಮುಟ್ಟಿದರೆ ಉದುರುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಎಳೆ ಸೇರಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಥದ್ದನ್ನು ಬಿಸಾಡಿ. ಮನೆಯಲ್ಲೇ ಹೊಸೆಯುವುದು ಇನ್ನೂ ಒಳ್ಳೆಯದು, ಅದಕ್ಕೆ ಬೇಕಾದವರು ನಿಮ್ಮ ಮನೆಯಲ್ಲೇ ಇದ್ದಾರೆ. ಅತ್ತೆಯ ಮುಂದೆ ಔಷಧಿ ಅಂಗಡಿಯ ಹತ್ತಿಸುರುಳಿ, ಚಿಟಿಕೆ ವಿಭೂತಿ ಇಟ್ಟು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ. ಬೆರಳಗಲದ ಪಟ್ಟಿ ಹರಿದು, ತೆಳ್ಳಗೆ ಎಳೆದು, ವಿಭೂತಿ ಹಚ್ಚಿದ ಅಂಗೈಯಲ್ಲಿ ಉರುಳಿಸಿದರೆ ಹತ್ತಿ ಜಾರದೆ ಎಳೆ ಕೂಡುತ್ತದೆ. ಎರಡು ಎಳೆ ಸೇರಿಸಿ ಹಗುರಾಗಿ ಹೊಸೆದಾಗ ಬೆಂಕಿಕಡ್ಡಿಯಷ್ಟು ದಪ್ಪ ಬರಬೇಕು. ‘ಒಂಟಿ ಬತ್ತಿ ಹಾಕಬಾರದು’ ಅನ್ನುತ್ತಾರಲ್ಲ, ಅದರಲ್ಲಿ ಅನುಕೂಲವೂ ಇದೆ: ಎರಡು ಎಳೆಯ ನಡುವಿನ ಸಂದಿಯಲ್ಲೂ ಎಣ್ಣೆ ಏರುತ್ತದೆ. ಬಿಗಿಯಾಗಿ ಹೊಸೆದರೆ ಆ ದಾರಿ ಮುಚ್ಚಿ, ದೀಪ ಮಿಣುಕಿ ಮಿಣುಕಿ ಶಾಂತವಾಗುತ್ತದೆ. ಭಾನುವಾರ ಅರ್ಧ ಗಂಟೆ ಕೂತರೆ ವಾರದ ಹದಿನಾಲ್ಕು ಬತ್ತಿ ಆಗುತ್ತವೆ. ಮಗನ ಬತ್ತಿಗಳು ಸೊಟ್ಟಗಿರುತ್ತವೆ, ಅವೂ ಉರಿಯುತ್ತವೆ.

ಹಚ್ಚುವ ಐದು ನಿಮಿಷ ಮೊದಲೇ ಬತ್ತಿಯನ್ನು ತುದಿಯವರೆಗೂ ಎಣ್ಣೆಯಲ್ಲಿ ಅದ್ದಿಡಿ. ಒಣ ತುದಿಗೆ ಕಡ್ಡಿ ಗೀರಿದರೆ ಎಣ್ಣೆ ಬರುವ ಮೊದಲೇ ಹತ್ತಿ ಸುಟ್ಟು ಗಂಟಾಗಿ ದಾರಿ ಕಟ್ಟುತ್ತದೆ. ಅಡುಗೆ ಎಣ್ಣೆಗಳು ಸೀಮೆಎಣ್ಣೆಯಂತೆ ಎತ್ತರ ಏರುವುದಿಲ್ಲ, ನಮ್ಮ ಹಣತೆ ಆಳವಿಲ್ಲದೆ ಅಗಲವಾಗಿರುವುದು ಅದಕ್ಕೇ. ಎಣ್ಣೆ ಅಂಚಿನಿಂದ ಒಂದು ಸೆಂಟಿಮೀಟರಿಗಿಂತ ಕೆಳಗಿಳಿದರೆ ಜ್ವಾಲೆ ಸೊರಗುತ್ತದೆ. ಸಣ್ಣ ಬತ್ತಿಯೊಂದು ಗಂಟೆಗೆ ಹೆಚ್ಚುಕಡಿಮೆ ಒಂದು ಟೀ ಚಮಚ ಎಣ್ಣೆ ಕುಡಿಯುತ್ತದೆ. ಎಷ್ಟು ಬೇಕೋ ಅಷ್ಟೇ ಹಾಕಿ. ವಾರಗಟ್ಟಲೆ ದೀಪದಲ್ಲೇ ಉಳಿದ ಎಳ್ಳೆಣ್ಣೆ ಅಂಟಂಟಾಗಿ ಹೊಸ ಬತ್ತಿಯನ್ನೂ ಕೆಡಿಸುತ್ತದೆ.

ಏಳನೇ ಮಹಡಿ ಅಂದಿರಿ. ಬಾಲ್ಕನಿ ಬಾಗಿಲು, ಅಡುಗೆಮನೆ ಕಿಟಕಿ ಎರಡೂ ತೆರೆದಿದ್ದರೆ ನಡುವೆ ಗಾಳಿಯ ಹೊಳೆ ಹರಿಯುತ್ತದೆ, ಒಂದನ್ನು ಮುಚ್ಚಿ. ದೇವರ ಗೂಡು ಪ್ಲೈವುಡ್‌ನದ್ದಾದರೆ ಜ್ವಾಲೆಯ ಮೇಲೆ ಎರಡು ಅಡಿಯಾದರೂ ಖಾಲಿ ಇರಲಿ. ಇಲ್ಲದಿದ್ದರೆ ದೀಪವನ್ನು ಗೂಡಿನ ಮುಂದೆ, ನೆಲದ ಮೇಲೆ, ಅಂಚಿರುವ ಹಿತ್ತಾಳೆ ತಟ್ಟೆಯಲ್ಲಿ ಇಡಿ. ಎಣ್ಣೆಗೆ ಬೆಂಕಿ ಹಿಡಿದರೆ ನೀರು ಎರಚಬಾರದು, ಪಾತ್ರೆ ಕವುಚಬೇಕು. ಕೈ ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಪೇಸ್ಟು, ತುಪ್ಪ, ಐಸು ಬೇಡ. ಮನೆ ಬೀಗ ಹಾಕಿ ಹೊರಡುವಾಗ ದೀಪ ಉರಿಯುತ್ತಿರಬಾರದು. ಹೂವಿನಿಂದ ಶಾಂತ ಮಾಡಿ ಹೋದರೆ ಯಾವ ದೋಷವೂ ಇಲ್ಲ.

ಹಿತ್ತಾಳೆ ತೊಳೆಯುವುದು ವಾರಕ್ಕೊಮ್ಮೆ ಸಾಕು. ಮೊದಲು ಬಿಸಿನೀರು, ಸೀಗೆಪುಡಿಯಲ್ಲಿ ಜಿಡ್ಡು ತೆಗೆಯಿರಿ. ಜಿಡ್ಡಿನ ಮೇಲೆ ಹುಣಸೆಹಣ್ಣು ಉಜ್ಜಿದರೆ ಹುಳಿ ಲೋಹ ಮುಟ್ಟುವುದೇ ಇಲ್ಲ. ಆಮೇಲೆ ಹುಣಸೆ, ಉಪ್ಪು ಹಾಕಿ ಎರಡು ನಿಮಿಷ ಉಜ್ಜಿ ತಕ್ಷಣ ತೊಳೆಯಿರಿ. ಹುಳಿಯಲ್ಲಿ ನೆನೆಹಾಕಿ ಮರೆತರೆ ಸತು ಕರಗಿ ಹೋಗಿ ತಾಮ್ರದ ಕೆಂಪು ಎದ್ದು ಕಾಣುತ್ತದೆ. ಬೋರ್‌ವೆಲ್ ನೀರಾದರೆ ಕೂಡಲೇ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಬಿಳಿ ಚುಕ್ಕೆ ಉಳಿಯುತ್ತವೆ. ಬೆಳ್ಳಿ ದೀಪಕ್ಕೆ ಹುಣಸೆ ಬೇಡ, ವಿಭೂತಿ ಸಾಕು.

ಅತ್ತೆಯ ಜೊತೆ ವಾದಕ್ಕೆ ಇಳಿಯಬೇಡಿ. ಬಟ್ಟಲಿನ ಪರೀಕ್ಷೆಯನ್ನು ಅವರನ್ನು ಸೋಲಿಸಲು ಬಳಸಿದರೆ ದೀಪ ನಿಂತೀತು, ಮನೆಯ ಮಾತು ನಿಂತುಹೋದೀತು. ಬೆಂಗಳೂರಿಗೇ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಹಳ್ಳಿಗಳಿಗೆ ಇನ್ನೆಷ್ಟೋ ದಶಕ ತಡವಾಗಿ. ಅಲ್ಲಿಯವರೆಗೆ ಸಂಜೆ ದೀಪ ಹೋಯಿತೆಂದರೆ ಮನೆಯೇ ಕತ್ತಲು, ಕಾಲಬುಡದಲ್ಲಿ ಹಾವೋ ಚೇಳೋ ಕಾಣದು. ‘ಆರಿತು’ ಎನ್ನದೆ ‘ಶಾಂತವಾಯಿತು’ ಎನ್ನುವವರ ಅಂಜಿಕೆಗೆ ಅಂಥ ರಾತ್ರಿಗಳ ನೆನಪಿದೆ. ಎಣ್ಣೆ ಬದಲಾಯಿಸುವ ವಿಷಯವನ್ನು ಅವರ ಸಲಹೆಯೆಂಬಂತೆ ಕೇಳಿ. ಅವರ ಊರಿನ ಕಡೆ ಹೆಚ್ಚಾಗಿ ಯಾವ ಎಣ್ಣೆ ಉರಿಸುತ್ತಿದ್ದರು ಎಂದು ಕೇಳಿದರೆ ಉತ್ತರ ಅಲ್ಲಿಂದಲೇ ಬರಬಹುದು.

ಹೊತ್ತಿನ ತಕರಾರಿಗೂ ಅವರೇ ಪರಿಹಾರ. ಇಲ್ಲಿ ನವೆಂಬರ್ ಕೊನೆಗೆ ಸೂರ್ಯ 5.50ರ ಸುಮಾರಿಗೆ ಮುಳುಗಿದರೆ ಜುಲೈ ಮೊದಲಿಗೆ 6.50 ಆಗುತ್ತದೆ. ಏಳಕ್ಕೆ ಲ್ಯಾಪ್‌ಟಾಪ್ ಮುಚ್ಚುವ ನಿಮಗೆ ಚಳಿಗಾಲದ ಮುಸ್ಸಂಜೆ ಸಿಗುವ ಹಾಗೇ ಇಲ್ಲ. ಆ ತಿಂಗಳುಗಳಲ್ಲಿ ಅತ್ತೆ ಹಚ್ಚಲಿ. ಎಣ್ಣೆ ಅಳೆಯುವುದು ಮಗಳ ಕೆಲಸ, ಹೂವಿಡುವುದು ಮಗನದು, ಬೆಂಕಿಕಡ್ಡಿ ಮಾತ್ರ ದೊಡ್ಡವರ ಕೈಯಲ್ಲಿ. ಏಳಕ್ಕೆ ಬಂದು ನೀವು ಕೂತರೆ ಉರಿಯುತ್ತಿರುವ ದೀಪದ ಮುಂದೆ ಕೂರುತ್ತೀರಿ. ಹೂವು ಗಾಂಧಿಬಜಾರಿನಿಂದ ತರುವುದಾದರೆ ಬೆಳಿಗ್ಗೆ ಬಿಗಿ ಮೊಗ್ಗಿನ ಮಲ್ಲಿಗೆ ಕೊಳ್ಳಿ, ಒದ್ದೆ ಬಟ್ಟೆಯ ಬದಲು ಬಾಳೆಎಲೆಯಲ್ಲಿ ಸುತ್ತಿಡಿ, ಸಂಜೆಗೆ ತಾನೇ ಅರಳುತ್ತದೆ. ಮೊಳ ಮಾತ್ರ ಮಾರುವವರ ಕೈಯುದ್ದಕ್ಕೆ ಬಿಟ್ಟದ್ದು. ಬಾಡಿದ ಹೂವನ್ನು ದಾರ ಬಿಡಿಸಿ ಹಸಿ ಕಸಕ್ಕೆ ಹಾಕಿ.

ಭಕ್ತಿಯೋ ಅಭ್ಯಾಸವೋ ಎಂದು ಕೇಳಿದ್ದೀರಿ. ಬರೀ ಅಭ್ಯಾಸವಾಗಿದ್ದರೆ ತಪ್ಪಿದ ದಿನ ನಿಮ್ಮನ್ನು ಇಷ್ಟು ಕಾಡುತ್ತಿರಲಿಲ್ಲ ಎಂಬುದು ನಮ್ಮ ಅನಿಸಿಕೆ. ತಪ್ಪಿದ ದಿನಕ್ಕೆ ಮರುದಿನ ಎರಡು ದೀಪ ಹಚ್ಚುವ ದಂಡವನ್ನೂ ಹಾಕಿಕೊಳ್ಳಬೇಡಿ. ಮಕ್ಕಳು ಲೆಕ್ಕ ಬೇಗ ಕಲಿಯುತ್ತಾರೆ.

ಇನ್ನೊಂದು ಸಂಗತಿ, ಇದು ಮಗಳಿಗಾಗಿ. ಭೀಮನ ಅಮಾವಾಸ್ಯೆಗೆ ತಂಬಿಟ್ಟಿನ ದೀಪ ಮಾಡುವುದುಂಟು, ಅತ್ತೆಗೆ ಖಂಡಿತ ಗೊತ್ತಿರುತ್ತದೆ. ಒಂದು ಲೋಟ ಅಕ್ಕಿ ಎರಡು ಗಂಟೆ ನೆನೆಸಿ, ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಹರವಿ, ಇನ್ನೂ ತುಸು ಪಸೆ ಇರುವಾಗಲೇ ಪುಡಿ ಮಾಡಿ ಜರಡಿ ಹಿಡಿಯಿರಿ. ಅರ್ಧ ಲೋಟ ಬೆಲ್ಲದ ಪುಡಿ, ಒಂದು ಚಮಚ ತುಪ್ಪ, ಏಲಕ್ಕಿ. ನೀರು ಹಾಕಬಾರದು. ಬೆಲ್ಲವೇ ನೀರು ಬಿಡುತ್ತದೆ, ಹಾಗಾಗಿ ಅದನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ನಾದಿ. ಸಡಿಲವಾದರೆ ಹುರಿಗಡಲೆ ಹಿಟ್ಟು ಬೆರೆಸಿ, ಬಿರುಕು ಬಿಟ್ಟರೆ ಅರ್ಧ ಚಮಚ ತುಪ್ಪ. ನಿಂಬೆಗಾತ್ರದ ಉಂಡೆಯ ನಡುವೆ ಮಗ ಹೆಬ್ಬೆರಳು ಒತ್ತಿ ಗುಳಿ ಮಾಡಲಿ. ತುಪ್ಪದಲ್ಲಿ ನೆಂದ ಹೂಬತ್ತಿಯನ್ನು ನಟ್ಟನಡುವೆ ನಿಲ್ಲಿಸಿ, ವಾಲಿದರೆ ಅಂಚು ಸೀಯುತ್ತದೆ. ಹತ್ತು ಹದಿನೈದು ನಿಮಿಷ ಉರಿಯುತ್ತದೆ. ಆಮೇಲೆ ಮಸಿ ತಾಗಿದಷ್ಟನ್ನು ಚಿವುಟಿ ತೆಗೆದು, ಉಳಿದದ್ದನ್ನು ಬೆಚ್ಚಗಿರುವಾಗಲೇ ಮುರಿದು ಇಬ್ಬರಿಗೂ ಕೊಡಿ. ಇದು ಯಾವಾಗ ಶಾಂತವಾದೀತು ಎಂದು ಮಕ್ಕಳು ಸುತ್ತ ಕೂತು ಕಾಯುವ ದೀಪ.